ಮನೆಯ ಪರಿಮಳ: ಕೃತಕದಿಂದ ಸಹಜದ ಕಡೆಗೆ

ಮನೆಯೊಳಗಿನ ಪರಿಮಳವು ಚರಿತ್ರಕಾರನ ಗಮನಕ್ಕೆ ಸಾಮಾನ್ಯವಾಗಿ ಬೀಳುವ ವಿಷಯವಲ್ಲ. ಕೋಟೆಗಳು ಉಳಿಯುತ್ತವೆ, ಶಿಲಾಶಾಸನಗಳೂ ತಾಮ್ರಪಟಗಳೂ ಉಳಿಯುತ್ತವೆ. ಪರಿಮಳವಾದರೋ ಹುಟ್ಟಿದ ಗಳಿಗೆಯಿಂದಲೇ ಕರಗತೊಡಗುತ್ತದೆ. ಆದರೂ ಒಂದು ಜನಸಮುದಾಯವು ತನ್ನ ವಾಸಗೃಹವನ್ನು ಯಾವ ಬಗೆಯ ಕಂಪಿನಿಂದ ತುಂಬಿತು, ಆ ಕಂಪನ್ನು ಎಲ್ಲಿಂದ ತಂದಿತು, ಅದಕ್ಕೆ ಏನು ಬೆಲೆ ತೆತ್ತಿತು ಎಂಬ ಪ್ರಶ್ನೆಗಳು ವಾಣಿಜ್ಯ, ಅರಣ್ಯ, ಉದ್ಯಮ, ಆರೋಗ್ಯ ಇವೆಲ್ಲವುಗಳ ಚರಿತ್ರೆಯನ್ನೂ ಮುಟ್ಟುವಂಥವು.

ಈಚಿನ ವರ್ಷಗಳಲ್ಲಿ ವಿದ್ಯಾವಂತ ಕುಟುಂಬಗಳಲ್ಲಿ ಒಂದು ಅಭಿಪ್ರಾಯ ಹೆಚ್ಚಾಗಿ ಕೇಳಿಬರುತ್ತಿದೆ. ಗಾಳಿಗೆ ಸಿಂಪಡಿಸುವ ಡಬ್ಬಿಗಳು, ವಿದ್ಯುತ್ತಿನಿಂದ ಕಾದು ಹಗಲಿರುಳೂ ಕಂಪು ಸೂಸುವ ಕುಪ್ಪಿಗಳು, ನುಸಿಗುಳಿಗೆ, ತೀಕ್ಷ್ಣಗಂಧದ ಊದುಬತ್ತಿ ಇವುಗಳನ್ನು ಬಿಟ್ಟು ಹೂವು, ಬೇರು, ಎಲೆ, ಮರ ಇವುಗಳ ಸಹಜ ಪರಿಮಳಕ್ಕೆ ನಾವು ಮರಳಬೇಕೆಂಬುದೇ ಆ ಅಭಿಪ್ರಾಯ. ಅಪೇಕ್ಷೆಯೇನೋ ಯೋಗ್ಯವಾದುದು. ಆದರೆ ಮರಳಬೇಕಾದ ಆ ಸ್ಥಿತಿ ಹೇಗಿತ್ತು, ಅದನ್ನು ನಾವು ಬಿಟ್ಟುಬಂದುದು ಯಾವಾಗ ಮತ್ತು ಏಕೆ, ಇಂದು ಅದೇ ದಾರಿಯಲ್ಲಿ ಹಿಂದಿರುಗುವುದು ಸಾಧ್ಯವೇ ಎಂಬುದನ್ನು ಮೊದಲು ವಿಚಾರಮಾಡುವುದು ಅವಶ್ಯಕ. ಪ್ರಕೃತ ಲೇಖನದ ಉದ್ದೇಶ ಇಷ್ಟೆ. ಹೇಳಬೇಕಾದುದನ್ನು ಆರಂಭದಲ್ಲಿಯೇ ಸಂಗ್ರಹಿಸುವುದಾದರೆ, ಹಿಂದಿನ ಮನೆಯ ಪರಿಮಳದ ಗುಣವು ಅದರ ದ್ರವ್ಯದಲ್ಲಿ ಎಷ್ಟು ಇದ್ದಿತೋ ಅದರ ಮಿತಿಯಲ್ಲಿಯೂ ಅಷ್ಟೇ ಇದ್ದಿತು. ಮಿತಿಯನ್ನು ಮರೆತು ದ್ರವ್ಯವನ್ನು ಮಾತ್ರ ಬದಲಿಸಿದರೆ ಮನೆಗೂ ಹಿತವಾಗದು, ಕಾಡಿಗೂ ಹಿತವಾಗದು.

1. ಸಹಜ, ಕೃತಕ ಎಂಬ ಪದಗಳು

ಸಹಜ, ಕೃತಕ ಎಂಬ ಎರಡು ಪದಗಳನ್ನು ನಾವು ಎದುರುಬದುರಾಗಿ ಬಳಸುತ್ತೇವೆ. ವಸ್ತುಸ್ಥಿತಿ ಇಷ್ಟು ಸರಳವಾಗಿಲ್ಲ. ಮನೆಯಲ್ಲಿ ಬಳಕೆಯಾಗುವ ಸುಗಂಧದ್ರವ್ಯಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಮಲ್ಲಿಗೆಯ ದಂಡೆ, ಲಾವಂಚದ ಬೇರು, ಶ್ರೀಗಂಧದ ಕೊರಡು ಮೊದಲಾದ ಸಸ್ಯವಸ್ತುಗಳದು ಮೊದಲನೆಯ ವರ್ಗ. ಬಟ್ಟಿಯಿಳಿಸಿಯೋ ಹಿಂಡಿಯೋ ಸಸ್ಯದಿಂದ ತೆಗೆದ ತೈಲ, ಅತ್ತರು, ಪನ್ನೀರುಗಳದು ಎರಡನೆಯದು. ರಸಾಯನಶಾಲೆಯಲ್ಲಿ ನಿರ್ಮಿತವಾದವುಗಳದು ಮೂರನೆಯದು. ಈ ಮೂರನೆಯ ವರ್ಗದಲ್ಲಿಯೂ ಎರಡು ಬಗೆಗಳಿವೆ. ವ್ಯಾನಿಲಿನ್ನಿನಂತೆ, ನಿಸರ್ಗದಲ್ಲಿ ಇರುವ ಅಣುವನ್ನೇ ಬೇರೊಂದು ಮೂಲದಿಂದ ತಯಾರಿಸಿದುದು ಒಂದು; ಹಲವು ಕೃತಕ ಕಸ್ತೂರಿಗಳಂತೆ, ನಿಸರ್ಗದಲ್ಲಿ ಎಲ್ಲಿಯೂ ಇಲ್ಲದ ಅಣುವನ್ನು ಹೊಸದಾಗಿ ಕಟ್ಟಿದುದು ಇನ್ನೊಂದು.

ಈ ವಿಂಗಡಣೆ ಏಕೆ ಬೇಕೆಂಬುದಕ್ಕೆ ಕರ್ಪೂರವೇ ಒಳ್ಳೆಯ ಉದಾಹರಣೆ. ಹಿಂದಿನ ಕಾಲದ ಪಚ್ಚಕರ್ಪೂರವು ಬೋರ್ನಿಯೊ, ಸುಮಾತ್ರ ಮೊದಲಾದ ದ್ವೀಪಗಳ ಒಂದು ಮಹಾವೃಕ್ಷದ ಒಡಲಿನಲ್ಲಿ ಸಿಗುತ್ತಿದ್ದುದು. ಪೂರ್ವ ಏಷ್ಯದ ಕರ್ಪೂರವೃಕ್ಷದಿಂದ ಬಟ್ಟಿಯಿಳಿಸಿದ ಕರ್ಪೂರವು ಅದಕ್ಕಿಂತ ಬೇರೆ. ಫಾರ್ಮೋಸಾ ದ್ವೀಪದಲ್ಲಿ ಜಪಾನ್ ಸರ್ಕಾರವು 1899ರಲ್ಲಿ ಇದರ ಮೇಲೆ ಏಕಸ್ವಾಮ್ಯವನ್ನು ಸ್ಥಾಪಿಸಿತು. ಇಪ್ಪತ್ತನೆಯ ಶತಮಾನದಲ್ಲಿ ಪೈನ್ ಮರದ ಟರ್ಪೆಂಟೈನಿನಿಂದ ಕರ್ಪೂರವನ್ನು ತಯಾರಿಸುವ ಕ್ರಮ ಬೆಳೆದು ಮಾರುಕಟ್ಟೆಯನ್ನು ಬಹುಮಟ್ಟಿಗೆ ವ್ಯಾಪಿಸಿತು. ಇಂದು ಮಂಗಳಾರತಿಯ ತಟ್ಟೆಯಲ್ಲಿ ಉರಿಯುವುದು ಸಾಮಾನ್ಯವಾಗಿ ಈ ಮೂರನೆಯದೇ. ಅಷ್ಟೇ ಅಲ್ಲ, ಶ್ರೀಗಂಧವನ್ನು ಹೋಲುವ ಹಲವು ಸಂಶ್ಲೇಷಿತ ದ್ರವ್ಯಗಳ ತಯಾರಿಕೆಯೂ ಟರ್ಪೆಂಟೈನಿನಿಂದಲೇ ಪ್ರಾರಂಭವಾಗುತ್ತದೆ. ಹೀಗಾಗಿ ಒಂದೇ ಪೂಜೆಯ ಕರ್ಪೂರವೂ ಊದುಬತ್ತಿಯ 'ಗಂಧ'ವೂ ಪೈನ್ ಮರದ ಒಂದೇ ದ್ರವದಿಂದ ಬಂದಿರುವ ಸಂಭವವಿದೆ. ಹೆಸರು ಉಳಿದಿದೆ, ವಸ್ತು ಬದಲಾಗಿದೆ.

2. ಪ್ರಾಚೀನ ಗ್ರಂಥಗಳು ಹೇಳುವುದೇನು?

ಪ್ರಾಚೀನ ಭಾರತದಲ್ಲಿ ಸುಗಂಧದ್ರವ್ಯಗಳ ಸಂಯೋಜನೆಯು 'ಗಂಧಯುಕ್ತಿ' ಎಂಬ ಹೆಸರಿನ ಒಂದು ಶಾಸ್ತ್ರವಾಗಿದ್ದಿತು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಇದಕ್ಕೇ ಮೀಸಲಾದ ಒಂದು ಅಧ್ಯಾಯವಿದೆ. ಹದಿನಾರು ದ್ರವ್ಯಗಳನ್ನು ಹದಿನಾರು ಮನೆಗಳ ಒಂದು ಚೌಕದಲ್ಲಿ ಇರಿಸಿ, ನಾಲ್ಕು ನಾಲ್ಕನ್ನು ಭಿನ್ನಭಿನ್ನ ಪ್ರಮಾಣಗಳಲ್ಲಿ ಕೂಡಿಸಿದರೆ 1,74,720 ಗಂಧಗಳಾಗುವುವೆಂದು ಅವನು ಲೆಕ್ಕ ಕೊಡುತ್ತಾನೆ. ನಮ್ಮ ವಿಷಯಕ್ಕೆ ಇದಕ್ಕಿಂತಲೂ ಮುಖ್ಯವಾದುದು ಇನ್ನೊಂದು ವಿವರ. ಪತ್ರ, ತುರುಷ್ಕ, ವಾಲ, ತಗರ ಎಂಬ ನಾಲ್ಕು ದ್ರವ್ಯಗಳನ್ನು ಸಮಭಾಗವಾಗಿ ಬೆರೆಸಿದ ಮಿಶ್ರಣಕ್ಕೆ ಕುಷ್ಠವನ್ನು ಸೇರಿಸಿದರೆ ನೈದಿಲೆಯ ಕಂಪು ಬರುವುದೆಂದೂ, ಚಂದನವನ್ನು ಸೇರಿಸಿದರೆ ಸಂಪಗೆಯ ಕಂಪು ಬರುವುದೆಂದೂ ಅವನು ಹೇಳುತ್ತಾನೆ. ಎಂದರೆ ಹೂವಿಲ್ಲದೆ ಹೂವಿನ ಕಂಪನ್ನು ಹುಟ್ಟಿಸುವ ಅನುಕರಣಕಲೆ ನಮಗೆ ಯೂರೋಪಿನ ರಸಾಯನಶಾಸ್ತ್ರದಿಂದ ಬಂದುದಲ್ಲ. ಅದು ಒಂದೂವರೆ ಸಾವಿರ ವರ್ಷಗಳಷ್ಟು ಹಳೆಯದು. ಅನುಕರಣವನ್ನೇ ಕೃತಕವೆಂದು ಕರೆಯುವುದಾದರೆ ಪ್ರಾಚೀನರೂ ಕೃತಕವನ್ನು ಬಲ್ಲವರೇ ಆಗಿದ್ದರು.

ಕನ್ನಡನಾಡಿನ ಸಾಕ್ಷ್ಯಗಳೂ ವಿರಳವಲ್ಲ. ಸುಮಾರು ಕ್ರಿ. ಶ. 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ವು ಗೃಹಸ್ಥನಿಗೆ ಬೇಕಾದ ನಾನಾ ವಿದ್ಯೆಗಳನ್ನು ಕನ್ನಡದಲ್ಲಿ ತಿಳಿಸಲು ಹೊರಟ ಗ್ರಂಥ. ಮನೆ ಕಟ್ಟುವುದು, ಅಂತರ್ಜಲವನ್ನು ಅರಿಯುವುದು, ಗಿಡ ಬೆಳೆಸುವುದು, ಅಡಿಗೆ, ಔಷಧ ಇವುಗಳ ಜೊತೆಯಲ್ಲಿಯೇ ಸುಗಂಧದ್ರವ್ಯಗಳ ತಯಾರಿಕೆಯೂ ಅಲ್ಲಿ ಸ್ಥಾನ ಪಡೆದಿದೆ. ಪರಿಮಳವು ಅರಮನೆಯ ವಿಲಾಸವಾಗಿ ಮಾತ್ರವಲ್ಲದೆ ಲೋಕಕ್ಕೆ ಉಪಕಾರವಾಗುವ ವಿದ್ಯೆಯಾಗಿಯೂ ಗಣಿತವಾಗಿತ್ತೆಂಬುದಕ್ಕೆ ಈ ಗ್ರಂಥದ ಹೆಸರೇ ಸಾಕ್ಷಿ.

ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಹನ್ನೆರಡನೆಯ ಶತಮಾನದ ಪೂರ್ವಾರ್ಧದ್ದು. ಅದರ ಮೂರನೆಯ ವಿಂಶತಿಯಲ್ಲಿ ರಾಜನು ಅನುಭವಿಸಬೇಕಾದ ಇಪ್ಪತ್ತು ಉಪಭೋಗಗಳ ವರ್ಣನೆಯಿದೆ. ವಾಸಗೃಹ, ಸ್ನಾನ, ತಾಂಬೂಲ, ವಿಲೇಪನ, ಮಾಲ್ಯ, ಪಾನೀಯ, ಶಯ್ಯೆ, ಧೂಪ ಇವು ಒಂದೊಂದೂ ಪ್ರತ್ಯೇಕ ಪ್ರಕರಣಗಳು. ಇವುಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ಬಗೆಯಲ್ಲಿ ಪರಿಮಳಕ್ಕೆ ಸಂಬಂಧಪಟ್ಟಿವೆ. ಕುಡಿಯುವ ನೀರಿಗೆ ಕಂಪು ಕಟ್ಟುವ ವಿಧಾನವೂ ಅಲ್ಲಿದೆ. ಗಮನಿಸಬೇಕಾದುದೆಂದರೆ, ಮನೆಗೆಲ್ಲ ಒಂದೇ ಪರಿಮಳ ಎಂಬ ಭಾವನೆ ಈ ಗ್ರಂಥದಲ್ಲಿಲ್ಲ. ಮೈಗೆ ಒಂದು, ಬಾಯಿಗೆ ಒಂದು, ನೀರಿಗೆ ಒಂದು, ಹೊಗೆಯಾಗಿ ಏರುವುದು ಮತ್ತೊಂದು; ಪ್ರತಿಯೊಂದಕ್ಕೂ ತನ್ನ ಸ್ಥಾನ ಮತ್ತು ಸಮಯ ಗೊತ್ತಾಗಿದೆ.

ಗಂಗಾಧರನ 'ಗಂಧಸಾರ'ವೆಂಬ ಗ್ರಂಥದಲ್ಲಿ ಭಾವನ, ಪಾಚನ, ಬೋಧ, ವೇಧ, ಧೂಪನ, ವಾಸನ ಎಂಬ ಆರು ಸಂಸ್ಕಾರಗಳು ಹೇಳಲ್ಪಟ್ಟಿವೆ. ಇವುಗಳಲ್ಲಿ ಕೊನೆಯದಾದ ವಾಸನವೆಂದರೆ ಹೂವಿನ ಸಂಸರ್ಗದಲ್ಲಿ ಒಂದು ವಸ್ತುವನ್ನು ಇರಿಸಿ ಅದಕ್ಕೆ ಕಂಪು ಹತ್ತುವಂತೆ ಮಾಡುವುದು. ಇಲ್ಲಿ ಮುಖ್ಯವಾಗಿ ಕೆಲಸಮಾಡುವುದು ಕಾಲ. ನಾವು ದಿನಬಳಕೆಯಲ್ಲಿ ಹೇಳುವ 'ವಾಸನೆ' ಎಂಬ ಮಾತಿನ ಹಿಂದೆ ಈ ಅರ್ಥವೂ ಇದೆ ಎಂಬುದು ಸ್ಮರಣೀಯ.

ಶಾಸನಗಳೂ ಪ್ರವಾಸಿಗಳ ವರದಿಗಳೂ ಈ ಚಿತ್ರಕ್ಕೆ ವಾಣಿಜ್ಯದ ಹಿನ್ನೆಲೆಯನ್ನು ಒದಗಿಸುತ್ತವೆ. ಹನ್ನೊಂದನೆಯ ಶತಮಾನದ ನಡುಗಾಲದ ಶಿಕಾರಿಪುರದ ಶಾಸನವೊಂದು ಅಯ್ಯಾವೊಳೆಯ ವರ್ತಕರನ್ನು ವರ್ಣಿಸುವಾಗ ಅವರ ಸರಕುಗಳಲ್ಲಿ ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿಗಳನ್ನು ಎಣಿಸುತ್ತದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು, ಆ ನಗರದಲ್ಲಿ ಎಲ್ಲೆಲ್ಲಿಯೂ ಗುಲಾಬಿಗಳು ಮಾರಾಟಕ್ಕಿದ್ದುವೆಂದೂ ಅಲ್ಲಿಯ ಜನ ಅವುಗಳನ್ನು ಆಹಾರದಷ್ಟೇ ಅವಶ್ಯಕವೆಂದು ಬಗೆಯುತ್ತಿದ್ದರೆಂದೂ ಬರೆದಿದ್ದಾನೆ.

3. ಸಾಮಾನ್ಯ ಗೃಹಸ್ಥರ ಪರಿಮಳ

ಮೇಲೆ ಹೇಳಿದ ಗ್ರಂಥಗಳನ್ನು ಓದುವಾಗ ಒಂದು ಎಚ್ಚರ ಅಗತ್ಯ. ಕಸ್ತೂರಿ, ಅಗರು, ಪಚ್ಚಕರ್ಪೂರಗಳು ದೂರದೇಶದಿಂದ ಬರುತ್ತಿದ್ದ ಬೆಲೆಬಾಳುವ ಪದಾರ್ಥಗಳು. ಅವು ರೈತನ ಮನೆಯಲ್ಲಿ ಇರುತ್ತಿರಲಿಲ್ಲ. ಶ್ರೀಗಂಧವೂ ಹಾಗೆಯೇ. ಟಿಪ್ಪು ಸುಲ್ತಾನನು 1792ರಲ್ಲಿ ಅದನ್ನು ರಾಜವೃಕ್ಷವೆಂದು ಘೋಷಿಸಿದ ಮೇಲೆ, ತನ್ನ ಹೊಲದ ಬದುವಿನಲ್ಲಿ ಬೆಳೆದ ಮರವೂ ರೈತನಿಗೆ ಸೇರದಾಯಿತು. ಆದಕಾರಣ ಸಾಮಾನ್ಯ ಜನರ ಪರಿಮಳವನ್ನು ಅರಮನೆಯ ಗ್ರಂಥಗಳಲ್ಲಿ ಹುಡುಕುವುದು ಸರಿಯಲ್ಲ. ಭಾಷೆಯಲ್ಲಿಯೂ ಮನೆವಾರ್ತೆಯ ರೂಢಿಯಲ್ಲಿಯೂ ಅದನ್ನು ಹುಡುಕಬೇಕು.

ಅಲ್ಲಿ ಹುಡುಕಿದವರಿಗೆ ಒಂದು ಸಮೃದ್ಧವಾದ ಪ್ರಪಂಚವೇ ಕಾಣುತ್ತದೆ. ಮುಡಿವಾಳವೆಂದೂ ಕರೆಯಲ್ಪಡುವ ಲಾವಂಚದ ಬೇರನ್ನು ಬೇಸಗೆಯಲ್ಲಿ ಹೂಜಿಯ ನೀರಿಗೆ ಹಾಕುವುದು, ಅದರ ತಡಿಕೆಯನ್ನು ಕಿಟಕಿಗೆ ಕಟ್ಟಿ ನೀರು ಚಿಮುಕಿಸುವುದು. ಬಟ್ಟೆಯ ಪೆಟ್ಟಿಗೆಯಲ್ಲಿ ಕೇದಗೆಯ ಗರಿಯನ್ನಿಡುವುದು. ಒಣಗಿದ ಮೇಲೂ ಕಂಪು ಬಿಡದ ಬಕುಳ ಮತ್ತು ಸುರಗಿಯ ಸರಗಳನ್ನು ಕಾಪಾಡುವುದು. ಹೂಮಾಲೆಯ ನಡುವೆ ಮರುಗ, ದವನ, ಪಚ್ಚೆತೆನೆಗಳನ್ನು ಸೇರಿಸಿ ಕಟ್ಟುವುದು. ಎಣ್ಣೆನೀರಿನ ಸ್ನಾನವಾದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಕೂದಲನ್ನು ಆರಿಸುವುದು. ಪಶ್ಚಿಮಘಟ್ಟದ ಸೀಮೆಯಲ್ಲಿ ಅಲ್ಲಿಯ ಮರಗಳಿಂದಲೇ ಒಸರುವ ಧೂಪವನ್ನೂ ಹಾಲುಮಡ್ಡಿಯನ್ನೂ ಸಂಜೆಯ ಹೊತ್ತು ಹಾಕುವುದು. ಧಾನ್ಯ ಮತ್ತು ಬಟ್ಟೆಗಳ ನಡುವೆ ಒಣಗಿದ ಬೇವಿನ ಎಲೆಯನ್ನು ಹರಡುವುದು. ಇವೆಲ್ಲ ನಾಡಿನ ಬೇರೆ ಬೇರೆ ಭಾಗಗಳಲ್ಲಿ ರೂಢಿಯಲ್ಲಿದ್ದುವು, ಹಲವು ಈಗಲೂ ಇವೆ.

ಈ ಆಚರಣೆಗಳಲ್ಲಿ ಮೂರು ಸಮಾನ ಲಕ್ಷಣಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಇವು ಋತುವಿಗೂ ಹೊತ್ತಿಗೂ ಕಟ್ಟುಬಿದ್ದವು. ದವನ ಬರುವುದು ವಸಂತದಲ್ಲಿ, ಲಾವಂಚ ಬೇಕಾಗುವುದು ಬೇಸಗೆಯಲ್ಲಿ, ಧೂಪ ಹಾಕುವುದು ಸಂಜೆಯಲ್ಲಿ. ಎರಡನೆಯದಾಗಿ, ಬಹುಮಟ್ಟಿಗೆ ಪ್ರತಿಯೊಂದಕ್ಕೂ ಪರಿಮಳದ ಹೊರತಾಗಿ ಇನ್ನೊಂದು ಪ್ರಯೋಜನವಿದ್ದಿತು. ಲಾವಂಚದಿಂದ ತಂಪು, ಬೇವಿನಿಂದ ಹುಳುವಿನ ನಿವಾರಣೆ, ಸಾಂಬ್ರಾಣಿಯ ಕೆಂಡದಿಂದ ಒದ್ದೆಕೂದಲಿಗೆ ಶಾಖ. ಮೂರನೆಯದಾಗಿ, ಈ ಪರಿಮಳಗಳು ತಾವಾಗಿಯೇ ಮುಗಿಯುತ್ತಿದ್ದುವು. ಹೂವು ಬಾಡುತ್ತಿತ್ತು, ಕೆಂಡ ಆರುತ್ತಿತ್ತು. ಮನೆ ಮತ್ತೆ ಮನೆಯ ವಾಸನೆಗೇ ಹಿಂದಿರುಗುತ್ತಿತ್ತು. ಸಗಣಿ ಸಾರಿಸಿದ ನೆಲ, ಗಾಳಿಯಾಡುವ ಅಂಗಳ, ಬಿಸಿಲಿಗೆ ಹಾಕಿದ ಹಾಸಿಗೆ ಇವು ಮೊದಲಿನ ಶುಚಿತ್ವವನ್ನು ಒದಗಿಸುತ್ತಿದ್ದುವು. ದುರ್ವಾಸನೆಯನ್ನು ಮುಚ್ಚುವುದಕ್ಕಿಂತ ಹೆಚ್ಚಾಗಿ, ಶುಚಿಯಾದ ಮನೆಗೆ ಅಲಂಕಾರವಾಗಿ ಪರಿಮಳವು ಬರುತ್ತಿತ್ತು.

4. ರಸಾಯನಶಾಲೆಯ ಪ್ರವೇಶ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನಲ್ಲಿ ಈ ಕ್ಷೇತ್ರವು ಬದಲಾಯಿತು. ಕಲ್ಲಿದ್ದಲ ಕೀಲಿನ ರಸಾಯನದಿಂದ ಮೊದಲ ಕೃತಕ ಬಣ್ಣವನ್ನು ತಯಾರಿಸಿದ ವಿಲಿಯಂ ಪರ್ಕಿನ್ 1868ರಲ್ಲಿ, ಒಣಹುಲ್ಲಿನ ನರುಗಂಪನ್ನುಳ್ಳ ಕೂಮರಿನ್ ಎಂಬ ವಸ್ತುವನ್ನು ಸಂಶ್ಲೇಷಿಸಿದನು. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬವರು ವ್ಯಾನಿಲಿನ್ ತಯಾರಿಸಿದರು. 1888ರಲ್ಲಿ ಆಲ್ಬರ್ಟ್ ಬೌರ್ ಎಂಬಾತನು ಸ್ಫೋಟಕಗಳ ಪ್ರಯೋಗದಲ್ಲಿ ತೊಡಗಿದ್ದಾಗ ಕಸ್ತೂರಿಯ ಕಂಪುಳ್ಳ ವಸ್ತುವೊಂದು ಆಕಸ್ಮಿಕವಾಗಿ ದೊರೆಯಿತು. 1893ರಲ್ಲಿ ಟೀಮನ್ ಮತ್ತು ಕ್ರೂಗರ್ ಎಂಬವರು ವಯೊಲೆಟ್ ಹೂವಿನ ಪರಿಮಳವುಳ್ಳ ಅಯೋನೋನನ್ನು ಕಂಡುಹಿಡಿದರು. ಇದರ ತಯಾರಿಕೆಗೆ ಬೇಕಾದ ಸಿಟ್ರಾಲ್ ಎಂಬ ದ್ರವ್ಯವು ಬಹುಕಾಲ ದೊರೆಯುತ್ತಿದ್ದುದು ಮಜ್ಜಿಗೆಹುಲ್ಲಿನ ಜಾತಿಯ ಹುಲ್ಲಿನ ತೈಲದಿಂದ. ಆ ತೈಲದ ಒಂದು ಮುಖ್ಯ ನೆಲೆ ನಮ್ಮ ನೆರೆಯ ಮಲೆಯಾಳ ದೇಶ. ಹೀಗೆ ಪಶ್ಚಿಮ ಕರಾವಳಿಯ ಹುಲ್ಲು ಹಡಗನ್ನೇರಿ ಯೂರೋಪಿನ ಹೂವಾಗಿ ಮಾರ್ಪಡುತ್ತಿತ್ತು.

ಮೈಸೂರಿನ ಚರಿತ್ರೆಯೂ ಈ ಪ್ರವಾಹದಲ್ಲಿ ಸೇರಿದೆ. 1914ಕ್ಕೆ ಮುಂಚೆ ಮೈಸೂರಿನ ಶ್ರೀಗಂಧದ ಮರವು ಕೊರಡುಗಳ ರೂಪದಲ್ಲಿಯೇ ಹೊರದೇಶಗಳಿಗೆ, ವಿಶೇಷವಾಗಿ ಜರ್ಮನಿಗೆ, ಹೋಗಿ ಅಲ್ಲಿ ತೈಲವಾಗುತ್ತಿತ್ತು. ಮೊದಲನೆಯ ಮಹಾಯುದ್ಧದಿಂದ ಆ ವ್ಯಾಪಾರ ನಿಂತುಹೋಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, ಸರ್ ಆಲ್‌ಫ್ರೆಡ್ ಚಾಟರ್‌ಟನ್ ಮತ್ತು ಭಾರತೀಯ ವಿಜ್ಞಾನ ಮಂದಿರದ ಸಡ್‌ಬರೊ, ವಾಟ್ಸನ್ ಎಂಬವರ ಪ್ರಯತ್ನದಿಂದ 1916ರಲ್ಲಿ ಬೆಂಗಳೂರಿನಲ್ಲಿ ತೈಲ ತೆಗೆಯುವ ಕೆಲಸ ಪ್ರಾರಂಭವಾಯಿತು. ತರುವಾಯ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆ ಸ್ಥಾಪಿತವಾಯಿತು. 1918ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಬಂದಿತು. ಇದರಿಂದ ಮೈಸೂರಿಗೆ ಕೀರ್ತಿಯೂ ಆದಾಯವೂ ದೊರೆತುವು. ಅದರೊಡನೆಯೇ ಶ್ರೀಗಂಧದ ಕಂಪು ಮೊತ್ತಮೊದಲ ಬಾರಿಗೆ ಸಾಮಾನ್ಯ ಕುಟುಂಬದ ಸ್ನಾನದ ಮನೆಗೆ ಪ್ರವೇಶಿಸಿತು.

ಊದುಬತ್ತಿಯ ಕಥೆ ಇನ್ನಷ್ಟು ಬೋಧಪ್ರದವಾದುದು. 'ಊದು' ಎಂಬ ಮಾತು ಅರಬ್ಬೀ ಮೂಲದ್ದು. ಆ ಭಾಷೆಯಲ್ಲಿ ಅದು ಅಗರು ಮರವನ್ನು ಸೂಚಿಸುತ್ತದೆ. 'ಅಗರಬತ್ತಿ' ಎಂಬುದರಲ್ಲಿಯೂ ಅದೇ ಮರದ ಹೆಸರಿದೆ. ಹೀಗೆ ಒಂದೇ ವಸ್ತುವಿನ ಎರಡು ಹೆಸರುಗಳೂ ಒಂದೇ ಮರವನ್ನು ಸಾರುತ್ತವೆ. ಆದರೆ ಇಂದಿನ ಸಾಮಾನ್ಯ ಬತ್ತಿಯಲ್ಲಿ ಆ ಮರ ಇರುವುದಿಲ್ಲ. ಬಿದಿರಿನ ಕಡ್ಡಿ, ಇದ್ದಲ ಪುಡಿ, ಮರದ ಪುಡಿ, ಅಂಟಿಗಾಗಿ ಜಿಗಟು ಇವುಗಳಿಂದ ಹೊಸೆದ ಬತ್ತಿಯನ್ನು ಪರಿಮಳದ್ರವದಲ್ಲಿ ಅದ್ದುತ್ತಾರೆ. ಆ ದ್ರವವನ್ನು ತೆಳುವಾಗಿಸಲು ಡೈಈಥೈಲ್ ಥ್ಯಾಲೇಟ್ ಎಂಬ ದ್ರಾವಕವನ್ನು ವ್ಯಾಪಕವಾಗಿ ಬಳಸಲಾಗಿದೆ. ಮೈಸೂರು ಮತ್ತು ಬೆಂಗಳೂರುಗಳಲ್ಲಿ ಬೆಳೆದ ಈ ಉದ್ಯಮವು ಅಸಂಖ್ಯ ಮಹಿಳೆಯರಿಗೆ ಮನೆಯಲ್ಲಿಯೇ ಹೊಸೆಯುವ ಕೆಲಸವನ್ನು ಒದಗಿಸಿತೆಂಬುದೂ ಇದೇ ಚರಿತ್ರೆಯ ಒಂದು ಭಾಗ.

ಕಲ್ಲಿದ್ದಲ ಕೀಲಿನಿಂದ ಬಂದ ನ್ಯಾಫ್ತಲೀನ್ ನುಸಿಗುಳಿಗೆಯಾಗಿ ಬೇವಿನ ಎಲೆಯ ಮತ್ತು ಕೇದಗೆಯ ಸ್ಥಾನವನ್ನು ಆಕ್ರಮಿಸಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಿಂಪಡಿಕೆಯ ಡಬ್ಬಿಯೂ ಅನಂತರ ವಿದ್ಯುತ್ತಿನ ಕುಪ್ಪಿಯೂ ಬಂದುವು. ಇವುಗಳೊಡನೆ ಹೊಸದೊಂದು ಭಾವನೆಯೂ ಬಂದಿತು: ಮನೆಯು ಸದಾಕಾಲವೂ ಪರಿಮಳಿಸುತ್ತಿರಬೇಕು ಎಂಬುದು.

5. ಲಾಭ ಮತ್ತು ನಷ್ಟ

ಕೃತಕ ಪರಿಮಳದಿಂದ ಆದ ಲಾಭಗಳನ್ನು ಅಲ್ಲಗಳೆಯುವುದು ನ್ಯಾಯವಲ್ಲ. ರಾಜರಿಗೆ ಮಾತ್ರ ಸಲ್ಲುತ್ತಿದ್ದ ಭೋಗವು ಬಡವನಿಗೂ ಕೈಗೆಟುಕಿತು. ಸಹಜ ಕಸ್ತೂರಿಗಾಗಿ ಹಿಮಾಲಯದ ಕಸ್ತೂರಿಮೃಗವನ್ನು ಕೊಲ್ಲುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಆ ಪ್ರಾಣಿಗೆ ರಕ್ಷಣೆ ದೊರೆತಿದೆ, ಮತ್ತು ಕೃತಕ ಕಸ್ತೂರಿ ಇಲ್ಲದಿದ್ದರೆ ಅದರ ಮೇಲಿನ ಒತ್ತಡ ಇನ್ನೂ ಘೋರವಾಗಿರುತ್ತಿತ್ತು.

ನಷ್ಟಗಳೂ ಅಲ್ಪವಲ್ಲ. ಬೌರ್‌ನಿಂದ ಪ್ರಾರಂಭವಾದ ಕಸ್ತೂರಿಗಳ ವಂಶಕ್ಕೆ ಸೇರಿದ ಮಸ್ಕ್ ಜೈಲೀನ್ ಎಂಬುದು ಸುಲಭವಾಗಿ ಕೊಳೆತು ಹೋಗುವಂಥದಲ್ಲ. ಸಾಬೂನುನೀರಿನೊಡನೆ ಹೊಳೆಗೆ ಸೇರಿದ ಅದು ಜಪಾನಿನಲ್ಲಿ 1981ರಲ್ಲಿ ಮೀನುಗಳ ದೇಹದಲ್ಲಿ ಕಾಣಿಸಿತು; ಅನಂತರ ತಾಯಿಯ ಹಾಲಿನಲ್ಲಿಯೂ ಕಂಡುಬಂದಿತು. ನ್ಯಾಫ್ತಲೀನಿನ ವಿಷಯವೂ ಗಮನಾರ್ಹ. ಕೆಂಪು ರಕ್ತಕಣಗಳಲ್ಲಿ ಒಂದು ಕಿಣ್ವದ ಕೊರತೆಯೊಡನೆ ಹುಟ್ಟಿದ ಶಿಶುಗಳಿಗೆ, ನುಸಿಗುಳಿಗೆಯ ಜೊತೆಯಲ್ಲಿಟ್ಟಿದ್ದ ಬಟ್ಟೆಯನ್ನು ಉಡಿಸಿದರೂ ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಉಂಟಾಗಬಹುದೆಂಬುದು ವೈದ್ಯಶಾಸ್ತ್ರದಲ್ಲಿ ಸಿದ್ಧವಾದ ಸಂಗತಿ. ಇನ್ನು ಸಿಂಪಡಿಕೆಯ ಡಬ್ಬಿಗಳ ಮೇಲೆ ಹತ್ತಾರು ರಾಸಾಯನಿಕಗಳು 'ಸುಗಂಧ' ಎಂಬ ಒಂದೇ ಪದದ ಮರೆಯಲ್ಲಿ ಅಡಗಿರುವುದು ಸಾಮಾನ್ಯ. ಕೊಳ್ಳುವವನಿಗೆ ತಾನು ಉಸಿರಾಡುವುದು ಏನೆಂಬುದು ತಿಳಿಯದು.

ಇವೆಲ್ಲಕ್ಕೂ ಮೂಲವಾದ ಒಂದು ಕಾರಣವಿದೆ. ನಮ್ಮ ಘ್ರಾಣೇಂದ್ರಿಯವು ಒಂದೇ ವಾಸನೆಗೆ ಕೆಲವು ನಿಮಿಷಗಳಲ್ಲಿಯೇ ಒಗ್ಗಿಹೋಗಿ ಅದನ್ನು ಅರಿಯದಂತಾಗುತ್ತದೆ. ಸದಾ ಪರಿಮಳಿಸುವ ಮನೆಯಲ್ಲಿ ವಾಸಿಸುವವರಿಗೆ ಆ ಪರಿಮಳ ತಿಳಿಯುವುದಿಲ್ಲ. ತಿಳಿಯದಿದ್ದುದರಿಂದ ಪ್ರಮಾಣವನ್ನು ಹೆಚ್ಚಿಸುತ್ತಾರೆ. ಹೂವು ಬಾಡುವುದರಲ್ಲಿಯೂ ಕೆಂಡ ಆರುವುದರಲ್ಲಿಯೂ ಇದ್ದ ವಿರಾಮವು ಇಂದ್ರಿಯಕ್ಕೆ ಅದರ ಶಕ್ತಿಯನ್ನು ಮರಳಿ ಕೊಡುತ್ತಿತ್ತು. ಕುಪ್ಪಿಯ ಪರಿಮಳದಲ್ಲಿ ಈ ವಿರಾಮ ಇಲ್ಲ.

6. ಸಹಜವಾದುದೆಲ್ಲ ನಿರಪಾಯವೇ?

ಹಾಗೆಂದು ಸಹಜವೆಂಬ ಹೆಸರನ್ನು ಹೊತ್ತುದೆಲ್ಲವೂ ಹಿತಕರವೆಂದು ಭಾವಿಸಲಾಗದು. ಹೊಗೆ ಯಾವ ಮರದ್ದಾದರೂ ಹೊಗೆಯೇ. ಒಂದು ಗ್ರಾಂ ಊದುಬತ್ತಿ ಉರಿದಾಗ ಸರಾಸರಿ 45 ಮಿಲಿಗ್ರಾಂಗಿಂತ ಹೆಚ್ಚು ಕಣಗಳು ಗಾಳಿಗೆ ಸೇರುತ್ತವೆಂದೂ, ಸಿಗರೇಟಿನಲ್ಲಿ ಇದು ಸುಮಾರು 10 ಮಿಲಿಗ್ರಾಂ ಎಂದೂ ಅಳತೆಗಳಿಂದ ತಿಳಿದುಬಂದಿದೆ. ಬತ್ತಿಯಲ್ಲಿ ಸಹಜ ತೈಲವಿದ್ದ ಮಾತ್ರಕ್ಕೆ ಈ ದೋಷ ಹೋಗದು. ನಿಂಬೆ, ಕಿತ್ತಳೆ ಸಿಪ್ಪೆಗಳ ತೈಲದಲ್ಲಿರುವ ಲಿಮೊನೀನ್ ಗಾಳಿಯ ಓಜೋನಿನೊಡನೆ ಸೇರಿ ಫಾರ್ಮಾಲ್ಡಿಹೈಡನ್ನು ಉಂಟುಮಾಡಬಲ್ಲುದು. ಯೂರೋಪಿನ ಒಕ್ಕೂಟವು 2003ರಲ್ಲಿ, ಚರ್ಮದ ಅಲರ್ಜಿಗೆ ಕಾರಣವಾಗಬಹುದಾದ 26 ಸುಗಂಧದ್ರವ್ಯಗಳನ್ನು ಶೃಂಗಾರಸಾಧನಗಳ ಚೀಟಿಯ ಮೇಲೆ ಹೆಸರಿಸಬೇಕೆಂದು ವಿಧಿಸಿತು. ಅವುಗಳಲ್ಲಿ ಹಲವು ಹೂವು ಹಣ್ಣುಗಳಲ್ಲಿ ಸಹಜವಾಗಿ ಇರುವಂಥವೇ. ಕರ್ಪೂರವನ್ನು ನುಂಗಿದ ಚಿಕ್ಕ ಮಕ್ಕಳಿಗೆ ಅಪಸ್ಮಾರದಂತಹ ಸೆಳೆತ ಬರುವುದುಂಟು. ಈ ಅಪಾಯ ಮರದ ಕರ್ಪೂರಕ್ಕೂ ಕಾರ್ಖಾನೆಯ ಕರ್ಪೂರಕ್ಕೂ ಸಮಾನ.

ಇದಕ್ಕಿಂತಲೂ ಗಂಭೀರವಾದುದು ಕಾಡಿನ ಪ್ರಶ್ನೆ. ಶ್ರೀಗಂಧವು ನೆರೆಯ ಗಿಡಗಳ ಬೇರಿನಿಂದ ಆಹಾರವನ್ನು ಹೀರಿ ಬೆಳೆಯುವ ಮರ. ಅದರ ಪರಿಮಳವಿರುವುದು ಚೇಗಿನಲ್ಲಿ. ಚೇಗು ಚೆನ್ನಾಗಿ ಬಲಿಯಲು ಸುಮಾರು ಮೂವತ್ತು ವರ್ಷಗಳು ಬೇಕು. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲ್ಪಟ್ಟ ಸ್ಪೈಕ್ ರೋಗವೂ ಕಳ್ಳಸಾಗಣೆಯೂ ಅದನ್ನು ಕ್ಷೀಣಗೊಳಿಸಿದುವು. 2001ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಸ್ವಂತ ಭೂಮಿಯ ಶ್ರೀಗಂಧಕ್ಕೆ ಭೂಮಾಲೀಕನೇ ಒಡೆಯನಾಗಿದ್ದಾನೆ. ಅಲ್ಲಿಂದ ರೈತರು ಅದನ್ನು ಬೆಳೆಯಲು ತೊಡಗಿರುವುದು ಆಶಾದಾಯಕ. ಆದರೂ ಒಂದು ಮರ ಬಲಿಯಲು ಒಂದು ತಲೆಮಾರು ಬೇಕು. ಸಾಂಬ್ರಾಣಿ, ಗುಗ್ಗುಳ, ಧೂಪಗಳಿಗಾಗಿ ಮರದ ತೊಗಟೆಯನ್ನು ಅತಿಯಾಗಿ ಕಚ್ಚು ಹಾಕಿದರೆ ಮರವೇ ಸಾಯುತ್ತದೆ. ಇಂದಿನ ಜನಸಂಖ್ಯೆಯೆಲ್ಲ ಹಗಲಿರುಳು ಉರಿಸುವಷ್ಟು ಸಹಜ ದ್ರವ್ಯ ಯಾವ ಕಾಡಿನಲ್ಲಿಯೂ ಇಲ್ಲ. ಕನೌಜಿನಲ್ಲಿ ಹೂವಿನ ಅತ್ತರಿಗೆ ಪರಂಪರೆಯಿಂದ ಆಧಾರವಾಗಿದ್ದ ಶ್ರೀಗಂಧತೈಲದ ಸ್ಥಾನದಲ್ಲಿ, ಅದರ ಬೆಲೆ ಏರಿದಂತೆ, ದ್ರವಪ್ಯಾರಫಿನ್ ಮೊದಲಾದುವು ಬಂದಿರುವುದು ಇದೇ ಕಾರಣದಿಂದ.

7. ಬದಲಾವಣೆಯ ಕ್ರಮ

ಈ ವಿವೇಚನೆಯಿಂದ, ಕೃತಕವನ್ನು ಬಿಟ್ಟು ಸಹಜಕ್ಕೆ ಬರಬೇಕೆನ್ನುವ ಗೃಹಸ್ಥರು ಅನುಸರಿಸಬಹುದಾದ ಒಂದು ಕ್ರಮವು ತಾನಾಗಿಯೇ ಹೊರಡುತ್ತದೆ.

ಮೊದಲು ಮಾಡಬೇಕಾದುದು ಯಾವ ಪರಿಮಳವನ್ನೂ ತರದೆ, ಇರುವ ದುರ್ವಾಸನೆಯ ಮೂಲವನ್ನು ತೆಗೆಯುವುದು. ಗೋಡೆಯ ತೇವ, ಬೂಷ್ಟು, ಬಚ್ಚಲ ಕಿಂಡಿ, ಮುಚ್ಚಿಟ್ಟ ಕಸ ಇವುಗಳನ್ನು ಸರಿಪಡಿಸಿ, ಎದುರುಬದುರಿನ ಕಿಟಕಿಗಳನ್ನು ತೆರೆದರೆ ಕುಪ್ಪಿಯ ಅಗತ್ಯವೇ ಹೆಚ್ಚುಮಟ್ಟಿಗೆ ಇಲ್ಲವಾಗುತ್ತದೆ. ಕೆಲವು ದಿನಗಳು ಹೀಗೆ ಕಳೆದ ಮೇಲೆ ಮೂಗು ತನ್ನ ಸೂಕ್ಷ್ಮತೆಯನ್ನು ಪಡೆದು ಅಲ್ಪಪರಿಮಳವನ್ನೂ ಗುರುತಿಸುತ್ತದೆ.

ಎರಡನೆಯದಾಗಿ ನುಸಿಗುಳಿಗೆಯನ್ನು ಬಿಡಬೇಕು. ಉಣ್ಣೆಬಟ್ಟೆಯನ್ನು ತಿನ್ನುವ ಹುಳುಗಳು ಬೆವರು ಮತ್ತು ಕೊಳೆ ಹತ್ತಿದ ಬಟ್ಟೆಯನ್ನೇ ಹೆಚ್ಚಾಗಿ ಹಿಡಿಯುತ್ತವೆ. ಆದುದರಿಂದ ಒಗೆದು ಚೆನ್ನಾಗಿ ಬಿಸಿಲಿಗೆ ಹಾಕಿ ಮಡಿಸಿಡುವುದೇ ಮುಖ್ಯ; ಒಣಬೇವು, ಲಾವಂಚ, ಪಚ್ಚೆತೆನೆಗಳು ಅದಕ್ಕೆ ಸಹಾಯಕ ಮಾತ್ರ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿಗೆ ಹೋಗುತ್ತಿದ್ದ ಕಾಶ್ಮೀರದ ಶಾಲುಗಳ ನಡುವೆ ಪಚ್ಚೆತೆನೆಯ ಎಲೆಯನ್ನಿಡುತ್ತಿದ್ದರು. ಕೊಳ್ಳುವವರು ಆ ಕಂಪಿನಿಂದಲೇ ಶಾಲಿನ ಸಾಚಾತನವನ್ನು ನಿರ್ಧರಿಸುವಷ್ಟು ಅದು ಪ್ರಸಿದ್ಧವಾಗಿತ್ತು.

ಮೂರನೆಯದಾಗಿ, ವರ್ಷವರ್ಷವೂ ಹುಟ್ಟುವ ದ್ರವ್ಯಗಳಿಗೆ ಪ್ರಾಶಸ್ತ್ಯ ಸಲ್ಲಬೇಕು. ಹೂವು, ತುಳಸಿ, ಮಜ್ಜಿಗೆಹುಲ್ಲು, ದವನ ಇವುಗಳನ್ನು ಕುಂಡದಲ್ಲಿಯೂ ಬೆಳೆಯಬಹುದು. ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಮೈಸೂರು, ಉಡುಪಿ, ಹಡಗಲಿಗಳ ಮಲ್ಲಿಗೆಯನ್ನು ಕೊಂಡರೆ ಆ ಹಣ ಸಣ್ಣ ಬೆಳೆಗಾರನನ್ನೂ ಹೂಕಟ್ಟುವವರನ್ನೂ ಸೇರುತ್ತದೆ. ಲಾವಂಚದ ತಡಿಕೆಯನ್ನು ಬಳಸುವವರು ಅದನ್ನು ಆಗಾಗ್ಗೆ ಪೂರ್ತಿಯಾಗಿ ಒಣಗಿಸಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.

ನಾಲ್ಕನೆಯದಾಗಿ, ಧೂಪವನ್ನು ಹಾಕುವುದಾದರೆ ಕಿಟಕಿ ತೆರೆದು, ಅಲ್ಪಕಾಲ, ಹಸುಳೆಗಳೂ ಉಬ್ಬಸವುಳ್ಳವರೂ ಇಲ್ಲದ ಕೋಣೆಯಲ್ಲಿ ಹಾಕಬೇಕು. ತೈಲಗಳನ್ನು ಹನಿಯ ಲೆಕ್ಕದಲ್ಲಿ ಬಳಸಿ ಮಕ್ಕಳ ಕೈಗೆ ಸಿಗದಂತೆ ಇರಿಸಬೇಕು.

ಶ್ರೀಗಂಧಕ್ಕಾದರೆ ಹಳೆಯ ಸಾಣೆಕಲ್ಲಿಗಿಂತ ಉತ್ತಮವಾದ ಸಾಧನವಿಲ್ಲ. ನೀರು ಚಿಮುಕಿಸಿ ಕೊರಡನ್ನು ತೇದಾಗ ಆ ಹೊತ್ತಿಗೆ ಬೇಕಾದಷ್ಟೇ ಗಂಧ ಬರುತ್ತದೆ. ಅದಕ್ಕೆ ತೇಯುವವರ ಶ್ರಮವೇ ಮಿತಿ. ಹೀಗೆ ಬಳಸಿದ ಒಂದು ಸಣ್ಣ ಕೊರಡು ಮನೆಯಲ್ಲಿ ವರ್ಷಗಟ್ಟಲೆ ಬಾಳುತ್ತದೆ.

ಉಪಸಂಹಾರ

ಇಷ್ಟರಿಂದ ತಿಳಿದುಬರುವುದೇನೆಂದರೆ, ಕೃತಕ ಪರಿಮಳದ ದೋಷವು ಅದನ್ನು ಮನುಷ್ಯನು ತಯಾರಿಸಿದನೆಂಬುದರಲ್ಲಿ ಇಲ್ಲ. ವರಾಹಮಿಹಿರನ ಸಂಪಗೆಯ ಕಂಪೂ ತಯಾರಿಸಿದುದೇ. ಅಗ್ಗವಾದುದರಿಂದ ಅದು ಪರಿಮಳವನ್ನು ಋತುವಿನಿಂದಲೂ ಹೊತ್ತಿನಿಂದಲೂ ಕೆಲಸದಿಂದಲೂ ಬಿಡಿಸಿ, ನಿರಂತರವಾಗಿ ಹರಿಯುವ ಒಂದು ಸರಕನ್ನಾಗಿ ಮಾಡಿತು. ಸಹಜ ತೈಲವನ್ನೇ ಅದೇ ಕುಪ್ಪಿಯಲ್ಲಿ ತುಂಬಿ ಅದೇ ರೀತಿಯಲ್ಲಿ ಹರಿಸಿದರೆ, ಬದಲಾದುದು ಚೀಟಿಯ ಮೇಲಿನ ಹೆಸರು ಮಾತ್ರ. ಅದರ ಬೆಲೆಯನ್ನು ಕಾಡು ತೆರಬೇಕಾಗುತ್ತದೆ.

ನಮ್ಮ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದು ಇಲ್ಲಿದೆ. ಯಾವ ಊರಿನಲ್ಲಿ ಯಾವ ತಿಂಗಳು ಯಾವ ಹೂವು, ಬೇರು, ಎಲೆಗಳನ್ನು ಮನೆಯಲ್ಲಿ ಬಳಸುತ್ತಿದ್ದರು, ಅವುಗಳಿಗೆ ಅಲ್ಲಿಯ ಹೆಸರೇನು, ಯಾವ ಕೆಲಸಕ್ಕೆ ಎಷ್ಟು ಬಳಸುತ್ತಿದ್ದರು ಎಂಬುದನ್ನು ಹಿರಿಯ ಹೆಂಗಸರಿಂದ ಕೇಳಿ ಬರೆದಿಡಬೇಕು. ಲೋಕೋಪಕಾರದಲ್ಲಿ ಸೇರದೆ ಉಳಿದ ಈ ವಿದ್ಯೆಯು ಅವರ ನೆನಪಿನಲ್ಲಿ ಮಾತ್ರ ಇದೆ. ಗ್ರಂಥಗಳು ಗ್ರಂಥಾಲಯದಲ್ಲಿ ಕಾದಿರುತ್ತವೆ. ಅವರ ನೆನಪು ಕಾದಿರುವುದಿಲ್ಲ.